ಸುರಂಗ ಬಾವಿಯಿಂದ ಕಿಲ್ಲೆಗೆ ಹೋಗ್ತೀವಿ ಅಂದ್ರು, ನಾನು ಬಿಡಲಿಲ್ಲ. ತಪ್ಪಾಯ್ತಾ?

ಗೊಬ್ಬರದಂಗಡಿ_ಬೀದರ್

ನಮಸ್ಕಾರ್ರಿ ಎಲ್ಲರಿಗೂ. ಬೀದರ್‌ನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಯೂರಿಯಾ ಚೀಲಗಳ ಮೇಲೆ ಹಲಗೆ ಹಾಕಿ ಟೇಬಲ್‌ಟಾಪ್ ಆರ್‌ಪಿಜಿ ಆಡುತ್ತೇವೆ. ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲಿ, ದಾಳ ಹಾಕಿ ಕಥೆ ನಡೆಸುವ ಆಟ. ನಾನೇ ಜಿಎಂ, ಅಂದರೆ ಆಟ ನಡೆಸಿ ಏನಾಯಿತು ಅಂತ ಹೇಳುವವನು. ಆಡುವವರು ನಾಲ್ಕು ಜನ. ಚಿಕ್ಕಪ್ಪನ ಮಗ, ನರ್ಸಿಂಗ್ ಓದುವ ಅವನ ತಂಗಿ, ಪಕ್ಕದ ಮೊಬೈಲ್ ರಿಪೇರಿ ಹುಡುಗ, ಮತ್ತೆ ಬಿದ್ರಿ ಕೆಲಸ ಮಾಡುವ ಉಸ್ತಾದ್. ಉಸ್ತಾದ್‌ಗೆ 52 ವರ್ಷ. ಮೊದಲ ದಿನ ಇಪ್ಪತ್ತು ಮುಖದ ದಾಳ ಕೈಯಲ್ಲಿ ಹಿಡಿದು, "ಇದರ ಅಂಚು ಯಾರು ತಿಕ್ಕ್ಯಾರ? ಸರಿ ಬಂದಿಲ್ಲ" ಅಂದವರು.

ಮೊದಲು ರೆಡಿಮೇಡ್ ಕಥೆಗಳನ್ನೇ ಆಡಿಸುತ್ತಿದ್ದೆ. ಒಂದರ ನಂತರ ಒಂದು ಕೋಣೆ, ಕೊನೆಗೆ ದೊಡ್ಡ ರಾಕ್ಷಸ. ಬೇಜಾರಾಗಿ ಈ ಸಲ ಸ್ಯಾಂಡ್‌ಬಾಕ್ಸ್ ಮಾಡೋಣ ಅಂದುಕೊಂಡೆ. ಕಥೆ ಬರೆಯೋದು ಬೇಡ. ಒಂದು ಊರು, ಅಲ್ಲಿಯ ಜನ, ಅವರ ಜಗಳ ಇಷ್ಟೇ ಇಡೋದು. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅನ್ನೋದು ಆಟಗಾರರಿಗೆ ಬಿಟ್ಟದ್ದು.

ಊರು ಹುಡುಕಲು ದೂರ ಹೋಗಲಿಲ್ಲ. ನಮ್ಮ ಬೀದರನ್ನೇ ಹೆಸರು ಬದಲಿಸಿ ಹಾಕಿಕೊಂಡೆ. ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕ, ಹುಲಿ ಕೆತ್ತಿದ ದರ್ವಾಜೆ, ಎಲ್ಲ ಹಾಗೇ ಇದೆ. ಒಳಗೆ ಒಬ್ಬ ಹಕೀಮ ಸೆರೆಯಲ್ಲಿದ್ದಾನೆ, ಅವನನ್ನು ಹೊರಗೆ ತರಬೇಕು. ಮೂರು ವಾರ ಕೂತು ದರ್ವಾಜೆ ತಯಾರಿ ಮಾಡಿದೆ. ಪಹರೆ ಯಾವಾಗ ಬದಲಾಗುತ್ತದೆ, ಯಾವ ಜಮಾದಾರ ಲಂಚ ತಿನ್ನುತ್ತಾನೆ, ರಾತ್ರಿಯ ಗುಟ್ಟಿನ ಮಾತು ಏನು, ಎಲ್ಲಾ ಬರೆದಿಟ್ಟಿದ್ದೆ. ನನ್ನ ನೋಟ್‌ಬುಕ್‌ನಲ್ಲಿ ಹನ್ನೊಂದು ಪುಟ ಬರೀ ದರ್ವಾಜೆ.

ಭಾನುವಾರ ಬಂತು. ನಾನು ದರ್ವಾಜೆ ವರ್ಣನೆ ಶುರು ಮಾಡಿದೆ. ತಂಗಿ ನಡುವೆ ಕೇಳಿದಳು, "ಅಣ್ಣಾ, ಒಳಗಿನವರಿಗೆ ಕುಡಿಯೋ ನೀರು ಎಲ್ಲಿಂದ ಬರ್ತದ?"

ಇಲ್ಲೊಂದು ಮಾತು ಹೇಳಬೇಕು. ಎರಡು ವಾರದ ಹಿಂದೆ ಸುಮ್ನೆ ಚೆಂದ ಕಾಣಲಿ ಅಂತ ಊರ ಹೊರಗೆ ಸಾಲು ಬಾವಿಗಳನ್ನು ವರ್ಣಿಸಿದ್ದೆ. ನೌಬಾದ್‌ನ ಸುರಂಗ ಬಾವಿ ನೋಡಿದವರಿಗೆ ಗೊತ್ತು. ಕರೇಜ್ ಅಂತಾರಲ್ಲ, ಅದೇ. ನೆಲದಡಿ ಕಾಲುವೆ, ಮೇಲೆ ಅಲ್ಲಲ್ಲಿ ಬಾವಿಯ ಹಾಗೆ ತೂತು. ನಿಜವಾದದ್ದು ಎಲ್ಲಿಗೆ ಹೋಗುತ್ತದೋ ಅದು ಬೇರೆ ಮಾತು. ನಾನು ಆಟದಲ್ಲಿ ಕಿಲ್ಲೆ ಕಡೆ ತಿರುಗಿಸಿದ್ದೆ. ಅದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

"ಹೂಳು ತೆಗೆಯೋರು ಅಂತ ಹೇಳಿ ಇಳಿಯಮ್" ಅಂದರು ಉಸ್ತಾದ್.

ನಾನು: "ಕೊನೆಗೆ ಕಬ್ಬಿಣದ ಜಾಲರಿ ಇದೆ."

"ನಾನು ಲೋಹದ ಕೆಲಸದವ. ಅರ ನನ್ನ ಚೀಲದಾಗೇ ಅದ." ನಿಜ. ಅವರ ಪಾತ್ರದ ವಿವರ ಇರುವ ಹಾಳೆಯಲ್ಲಿ ಬರೆದಿತ್ತು.

"ಒಳಗೆ ವಿಷದ ಗಾಳಿ ಇದೆ."

ತಂಗಿ: "ಹಗ್ಗಕ್ಕ ಕಂದೀಲು ಕಟ್ಟಿ ಮೊದಲು ಇಳಸ್ತೀನಿ. ಆರಿದ್ರ ಬಿಡಮ್, ಉರಿದ್ರ ಇಳಿಯಮ್."

ನಾನು ದಾಳ ಕೂಡ ಹಾಕಲಿಲ್ಲ. "ಆರಿತು" ಅಂದುಬಿಟ್ಟೆ.

ಎಲ್ಲರೂ ಸುಮ್ಮನಾದರು. ಮೊಬೈಲ್ ಹುಡುಗ ನನ್ನ ನೋಟ್‌ಬುಕ್ ಕಡೆ ನೋಡಿ, "ಹಂಗಾದ್ರ ಅದರಾಗ ಏನ್ ಬರದೀರಿ ಅದನ್ನೇ ಹೇಳ್ರಿ, ಅದನ್ನೇ ಮಾಡ್ತೀವಿ" ಅಂದ.

ಮಾಡಿದರು ಕೂಡ. ಜಮಾದಾರನಿಗೆ ಲಂಚ ಕೊಟ್ಟು ಅರ್ಧ ತಾಸಿನಲ್ಲಿ ಹಕೀಮನನ್ನು ಹೊರಗೆ ತಂದರು. ಗೆದ್ದರು. ಚಹಾ ಕುಡಿಯದೇ ಎದ್ದು ಹೋದರು. ಮೂರು ವರ್ಷದಲ್ಲಿ ಚಹಾ ಬಿಟ್ಟು ಹೋಗಿದ್ದು ಇದೇ ಮೊದಲು.

ನನ್ನ ಪ್ರಶ್ನೆ ಇಷ್ಟೇ. ಹೇಳಿದ್ದಕ್ಕೆಲ್ಲ ಹೂಂ ಅಂದರೆ ಆಟದಲ್ಲಿ ಕಷ್ಟ ಎಲ್ಲಿರುತ್ತದೆ? ಬೇಡ ಅಂದರೆ ಹೀಗಾಗುತ್ತದೆ. ಮತ್ತೆ ಅವರು ಏನು ಮಾಡುತ್ತಾರೆ ಅನ್ನೋದೇ ಗೊತ್ತಿಲ್ಲದಿದ್ದರೆ ನಾನು ಏನಂತ ತಯಾರಿ ಮಾಡಲಿ?

ಹಳಿತಪ್ಪಿದವ_ಕಲಬುರಗಿ

ಅಣ್ಣಾರ, ಬೀದರ್‌ಗೂ ಕಲಬುರಗಿಗೂ ರೈಲು ಹಳಿ ಪೂರ್ತಿಯಾಗಿದ್ದು 2017ರಲ್ಲಿ. ಅಷ್ಟು ವರ್ಷ ಹಳಿಗೆ ಕಾದ ಊರಿನವರು ನೀವು, ಯಾರೂ ಕೇಳದ ಹಳಿ ಅಂಗಡಿಯಲ್ಲಿ ಹಾಸಿಬಿಟ್ಟಿರಲ್ಲ! ಆಡುವವರನ್ನು ಜಿಎಂ ತಾನು ಬರೆದ ದಾರಿಯಲ್ಲೇ ಎಳೆದರೆ ಅದಕ್ಕೆ ಹಳಿ ಹಾಸೋದು ಅಂತಾರೆ.

ತಮಾಷೆ ಬಿಡಿ. ಜಾಲರಿ ತಪ್ಪಲ್ಲ. ಕಿಲ್ಲೆ ಕಟ್ಟಿದವನಿಗೂ ತಲೆ ಇರುತ್ತದೆ, ನೀರು ಬರುವ ಕಡೆ ಜಾಲರಿ ಹಾಕೇ ಹಾಕುತ್ತಾನೆ. ವಿಷದ ಗಾಳಿಯೂ ಇರಬಹುದು ಅನ್ನೋಣ. ಕಂದೀಲು ಆರಿಸಿದ್ದು ಮಾತ್ರ ಮೋಸ. ಜಾಲರಿಯನ್ನು ಹಾಕಿದವನು ಕಿಲ್ಲೇದಾರ. ಕಂದೀಲು ಆರಿಸಿದವರು ನೀವು. ಆಡುವವರಿಗೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ ರೀ.

ಇತಿಹಾಸದಕ್ಕ

ನಾನು ಕಲಬುರಗಿಯಲ್ಲಿ ಪಾಠ ಹೇಳುವವಳು. ವಾರಕ್ಕೊಮ್ಮೆ ಹಾಸ್ಟೆಲ್ ಹುಡುಗಿಯರಿಗೆ ಆಡಿಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ನಿಮ್ಮ ತೊಂದರೆ ಹೊಸದಲ್ಲ. 1824ರಲ್ಲಿ ಪ್ರಷ್ಯಾ ಅನ್ನುವ ಆಗಿನ ಜರ್ಮನ್ ರಾಜ್ಯದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆ ಒಂದು ನಕ್ಷೆ ಆಟ ತಂದಿತು. ಕ್ರೀಗ್ಸ್‌ಪೀಲ್ ಅಂತ. ಅಧಿಕಾರಿಗಳು ತಮ್ಮ ಹುಕುಂ ಬರೆದು ಕೊಡಬೇಕು, ನಡುವೆ ಕೂತ ಅಂಪೈರ್ ಏನಾಯಿತು ಅಂತ ಹೇಳಬೇಕು. ಅದಕ್ಕೆ ಪಟ್ಟಿ, ಕೋಷ್ಟಕ, ದಾಳ ಎಲ್ಲಾ ಇತ್ತು. ವರ್ಷ ಕಳೆದಂತೆ ಕೋಷ್ಟಕ ಭಾರವಾಯಿತು. 1870ರ ದಶಕದಲ್ಲಿ ಕೆಲವರು, ಯುದ್ಧ ನೋಡಿದ ಅನುಭವ ಇರುವ ಅಂಪೈರ್ ಸಾಕು, ಅವನೇ ಯೋಚಿಸಿ ಹೇಳಲಿ ಅಂದರು. ಅಂಪೈರ್‌ಗೆ ಅಷ್ಟು ಅಧಿಕಾರ ಕೊಟ್ಟದ್ದು ಅವನು ನೆಲ ಬಲ್ಲವನು ಅನ್ನುವ ನಂಬಿಕೆಯಿಂದ. ಈ ಹೊಳೆ ದಾಟಲು ಎಷ್ಟು ಹೊತ್ತು ಬೇಕು, ಫಿರಂಗಿ ಈ ಕೆಸರಲ್ಲಿ ಹೂತುಹೋಗುತ್ತದಾ, ಇಂಥದ್ದು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆರ್‌ಪಿಜಿ ಬಂದಾಗ ಅದನ್ನು ಮಾಡಿದವರೂ ಯುದ್ಧದ ಆಟ ಆಡುತ್ತಿದ್ದವರೇ. ನಮ್ಮ ಜಿಎಂ ಕುರ್ಚಿ ಆ ಅಂಪೈರ್ ಕುರ್ಚಿಯಿಂದಲೇ ಬಂದದ್ದು.

ಹಾಗಾಗಿ "ಹೂಂ ಅನ್ನಲಾ, ಬೇಡ ಅನ್ನಲಾ" ಅಂತ ಕೇಳಿಕೊಳ್ಳಬೇಡಿ. "ಆ ಸುರಂಗದಲ್ಲಿ ನಿಜವಾಗಿ ಏನಿರುತ್ತದೆ" ಅಂತ ಕೇಳಿಕೊಳ್ಳಿ. ನೀವು ನೌಬಾದ್ ನೋಡಿದವರು, ನನಗಿಂತ ಚೆನ್ನಾಗಿ ಗೊತ್ತು. ನೀರು ಸಣ್ಣ ಇಳಿಜಾರಿನಲ್ಲಿ ತಾನಾಗೇ ಹರಿಯುತ್ತದೆ. ಮೇಲಿನ ಬಾವಿಗಳು ಗಾಳಿಗೆ, ಬೆಳಕಿಗೆ, ಅಗೆದ ಮಣ್ಣು ಎತ್ತೋದಕ್ಕೆ. ಅಲ್ಲಿ ಇಪ್ಪತ್ತಕ್ಕೂ ಜಾಸ್ತಿ ಇವೆ. ಈಗ ನೋಡಿ, ಆಟ ತಾನಾಗೇ ಬರುತ್ತದೆ. ಪ್ರತಿ ಬಾವಿಯ ಕೆಳಗೆ ಒಂದು ಬೆಳಕಿನ ಮಚ್ಚೆ. ಅದನ್ನು ಎಣಿಸಿದರೆ ಎಷ್ಟು ದೂರ ಬಂದೆವು ಅಂತ ಗೊತ್ತಾಗುತ್ತದೆ. ಬೆಳಕು ಬರುವ ತೂತಿನಿಂದ ಸದ್ದೂ ಮೇಲೆ ಹೋಗುತ್ತದೆ. ಮೇಲೆ ನೀರು ಸೇದುವವರು ಯಾರು? ಒಳಗೆ ಕೆಸರು ಕಲಕಿದರೆ ಕಿಲ್ಲೆಯ ಒಳಗಿನ ಬಾವಿಯಲ್ಲಿ ನೀರು ರಾಡಿಯಾಗುತ್ತದೆ. ಅದನ್ನು ಮೊದಲು ನೋಡುವವರು ಯಾರು? ಅಡುಗೆಯವಳಾ, ಆನೆಗೆ ನೀರು ಕುಡಿಸುವವನಾ? ಅರದಿಂದ ಜಾಲರಿ ಕೊಯ್ಯಲು ಎಷ್ಟು ಹೊತ್ತು, ಆ ಕಿರಕಿರ ಯಾರಿಗೆ ಕೇಳುತ್ತದೆ? ಕಷ್ಟ ಎಲ್ಲಿ ಅಂತ ಕೇಳಿದ್ದಿರಲ್ಲ, ಇಲ್ಲಿದೆ. ನಿಮ್ಮ ಜಮಾದಾರನೂ ಹಾಳಾಗಲ್ಲ. ರಾಡಿ ನೀರಿನ ಸುದ್ದಿ ಅವನಿಗೇ ಹೋಗುತ್ತದೆ.

ತಯಾರಿ ಬಗ್ಗೆ ಒಂದು ಉದಾಹರಣೆ. ನಿಮ್ಮೂರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕಥೆ ಗೊತ್ತಲ್ಲ. ಅವನ ಶತ್ರುಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ದೊಡ್ಡ ವಜೀರನ ತಲೆ ಹೋಯಿತು. ನಾನು ಇದೇ ಥರದ ಒಂದು ಆಸ್ಥಾನ ಆಟಕ್ಕೆ ಇಟ್ಟೆ. ಬರೆದುಕೊಂಡದ್ದು ಒಂದೇ ಪುಟ. ಮುದ್ರೆ ಯಾರ ಹತ್ತಿರ ಇದೆ, ಅವನಿಗೆ ಏನು ಆಸೆ, ಯಾರನ್ನು ಕಂಡರೆ ಭಯ, ಯಾರೂ ತಡೆಯದಿದ್ದರೆ ಯಾವ ದಿನ ಪತ್ರ ಸುಲ್ತಾನನ ಕೈ ಸೇರುತ್ತದೆ. ವಜೀರನನ್ನು ಉಳಿಸುವ ದಾರಿ ನಾನು ಒಂದೂ ಯೋಚಿಸಲಿಲ್ಲ. ಬೇಕಂತಲೇ. ನಮ್ಮ ಹುಡುಗಿಯರು ಏನು ಮಾಡಿದರು ಗೊತ್ತಾ? ಅದೇ ಮುದ್ರೆಯ ಇನ್ನೂ ಹತ್ತು ಸುಳ್ಳು ಪತ್ರ ಮಾಡಿ ಊರೆಲ್ಲಾ ಹಂಚಿದರು. ಒಂದರಲ್ಲಿ ಸುಲ್ತಾನನ ಕುದುರೆಯೇ ದ್ರೋಹಿ ಅಂತ ಬರೆದಿದ್ದರು. ಮುದ್ರೆಗೆ ಬೆಲೆಯೇ ಇಲ್ಲದಂತಾಯಿತು, ವಜೀರ ಉಳಿದ. ನಾನು ಹನ್ನೊಂದಲ್ಲ, ನೂರು ಪುಟ ಬರೆದಿದ್ದರೂ ಆ ಕುದುರೆ ನನ್ನ ತಲೆಗೆ ಬರುತ್ತಿರಲಿಲ್ಲ.

ಭೀಮಾತೀರ_ಯಾದಗಿರಿ

ಅಕ್ಕಾರು ಹೇಳಿದ್ದು ಸರಿ, ಆದರೆ ಇನ್ನೊಂದು ಮಗ್ಗುಲೂ ಇದೆ. ಸ್ವಾತಂತ್ರ್ಯ ಜಾಸ್ತಿಯಾದರೂ ಆಟ ಸಾಯುತ್ತದೆ. ನಾನು ಸ್ಯಾಂಡ್‌ಬಾಕ್ಸ್ ಅಂತ ದೊಡ್ಡ ನಕ್ಷೆ ಬರೆದು, ಹೊಳೆ ದಡದಲ್ಲಿ ಹದಿನೆಂಟು ಹಳ್ಳಿ ಇಟ್ಟು, "ಎಲ್ಲಿಗೆ ಬೇಕಾದರೂ ಹೋಗ್ರಿ, ಏನು ಬೇಕಾದರೂ ಮಾಡ್ರಿ" ಅಂದೆ. ಒಂದು ತಾಸು ಅವರು ಮಂಡಕ್ಕಿ ತಿಂದರು. ಆಮೇಲೆ ಒಬ್ಬ ನನ್ನ ಪಾತ್ರ ಮಲಗುತ್ತದೆ ಅಂದ. ಇನ್ನೊಬ್ಬ ನನ್ನದೂ ಅಂದ.

ಸಂತೆಗೆ ಬಂದವನಿಗೆ ಯಾವ ಅಂಗಡಿಯಲ್ಲಿ ಏನಿದೆ ಅಂತಲೇ ಗೊತ್ತಿಲ್ಲದಿದ್ದರೆ ಏನು ಕೊಳ್ಳುತ್ತಾನೆ? ಈಗ ಆಟ ಶುರುವಾಗುವ ಮೊದಲು ಮೂರು ಸುದ್ದಿ ಕಿವಿಗೆ ಹಾಕುತ್ತೇನೆ. ಒಂದು ನಿಜ, ಒಂದು ಅರ್ಧ ನಿಜ, ಒಂದು ಸುಳ್ಳು. ಯಾವುದು ಯಾವುದು ಅಂತ ಹೇಳಲ್ಲ. ಆಟ ಮುಗಿಯುವಾಗ "ಮುಂದಿನ ವಾರ ಎಲ್ಲಿಗೆ" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಅದೊಂದು ಜಾಗಕ್ಕೆ ಮಾತ್ರ ತಯಾರಿ. ಹದಿನೆಂಟು ಹಳ್ಳಿಯಲ್ಲಿ ಹದಿನೈದನ್ನು ಇವತ್ತಿಗೂ ನಾನೇ ನೋಡಿಲ್ಲ.

ಕಾವಲಿನವರು ಹೂಳು ತೆಗೆಯುವವರನ್ನು ನಂಬುತ್ತಾರಾ ಅನ್ನೋದನ್ನು ಜಿಎಂ ಮನಸ್ಸಿನಲ್ಲೇ ತೀರ್ಮಾನಿಸಬೇಡಿ. ಹಳೆಯ ಆಟಗಳ ರೂಢಿ ಇದೆಯಲ್ಲ, ಆರು ಮುಖದ ಎರಡು ದಾಳ ಹಾಕಿ ಎದುರಿನವನ ಮನಸ್ಸು ನೋಡುವುದು. 2 ಬಂದರೆ ಕತ್ತಿ ಹಿರಿಯುತ್ತಾನೆ, 12 ಬಂದರೆ ಕರೆದು ಕೂರಿಸಿಕೊಳ್ಳುತ್ತಾನೆ. ಅವೆರಡೂ 36ರಲ್ಲಿ ಒಂದೊಂದು ಸಲ ಮಾತ್ರ. 6, 7, 8 ಸೇರಿಸಿದರೆ 36ರಲ್ಲಿ 16 ಸಲ. ಅಂದರೆ ಬೇರೆ ಯಾವುದಕ್ಕಿಂತಲೂ ಜಾಸ್ತಿ ಸಲ ಅವನು ಅನುಮಾನದಲ್ಲಿ ನಿಂತಿರುತ್ತಾನೆ. "ಯಾರ್ ಕಳಿಸ್ಯಾರ ನಿಮಗ?" ಅಂತ ಕೇಳುತ್ತಾನೆ. ಅಲ್ಲಿಂದ ಮಾತು ಶುರು. ದಾಳ ಎಲ್ಲರ ಮುಂದೆ ಹಾಕಿ. ಕೆಟ್ಟದ್ದು ಬಿದ್ದರೆ ನಿಮ್ಮ ಮೇಲೆ ಯಾರೂ ಮುನಿಸಿಕೊಳ್ಳಲ್ಲ.

ಗೊಬ್ಬರದಂಗಡಿ_ಬೀದರ್

ಹಳಿಯ ಮಾತು ಚುಚ್ಚಿತು ರೀ, ಆದರೆ ನಿಜ. ಅಕ್ಕಾರ ಕುದುರೆ ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ತೊಗರಿ ಬೀಜ ಕೇಳಲು ಬಂದ ರೈತ ಗಾಬರಿಯಾದ.

ಒಂದು ಅನುಮಾನ. ಉಸ್ತಾದ್‌ಗೆ ಲೋಹದ ಬಗ್ಗೆ, ತಂಗಿಗೆ ಔಷಧದ ಬಗ್ಗೆ ನಿಜವಾಗಿ ಗೊತ್ತಿದೆ. ಅದನ್ನು ಆಟದಲ್ಲಿ ಬಳಸಿದರೆ ಉಳಿದವರಿಗೆ ಅನ್ಯಾಯ ಆಗಲ್ವಾ? ಮೊಬೈಲ್ ಹುಡುಗನ ವಿದ್ಯೆಗೆ ಆ ಕಾಲದಲ್ಲಿ ಕೆಲಸವೇ ಇಲ್ಲ.

ಹಳಿತಪ್ಪಿದವ_ಕಲಬುರಗಿ

ಬಳಸಲಿ ಬಿಡ್ರಿ. ಹಾಳೆಯಲ್ಲಿ ಬರೆದ ಅಂಕಿಗಿಂತ ಅದೇ ರುಚಿ. ಇನ್ನು ಆ ಹುಡುಗ. ದಿನಕ್ಕೆ ಇಪ್ಪತ್ತು ಗಿರಾಕಿಗಳ ಹತ್ತಿರ "ನೀರಾಗ ಬಿದ್ದಿಲ್ಲ" ಅನ್ನುವ ಸುಳ್ಳು ಕೇಳುವವನು. ಸುಳ್ಳು ಹಿಡಿಯೋದರಲ್ಲಿ ನಿಮ್ಮ ಜಮಾದಾರನಿಗೇ ಗುರು ಅವನು!

ಗೊಬ್ಬರದಂಗಡಿ_ಬೀದರ್

ಎರಡು ಭಾನುವಾರ ಆದಮೇಲೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಮುಂದೆ ಒಪ್ಪಿಕೊಂಡೆ. "ಆ ಕಂದೀಲು ನಾನೇ ಆರಿಸಿದ್ದು, ನನ್ನ ಪುಟದಲ್ಲಿ ಸುರಂಗ ಇರಲಿಲ್ಲ" ಅಂದೆ. ತಂಗಿ, "ಗೊತ್ತಿತ್ತು" ಅಂದಳು ಅಷ್ಟೇ. ಹಳೆಯದನ್ನು ಅಳಿಸಲಿಲ್ಲ. ಹಕೀಮ ಹೊರಗೆ ಬಂದದ್ದು ಬಂದದ್ದೇ. ಆದರೆ ಹಕೀಮ ತನ್ನ ಔಷಧದ ಪುಸ್ತಕ ಒಳಗೇ ಬಿಟ್ಟು ಬಂದಿದ್ದಾನೆ, ಕಿಲ್ಲೇದಾರ ಪಹರೆ ಎರಡರಷ್ಟು ಮಾಡಿದ್ದಾನೆ, ಲಂಚ ತಿಂದ ಜಮಾದಾರ ಈಗ ಸ್ವತಃ ಜೈಲಿನಲ್ಲಿದ್ದಾನೆ. ಮೂರು ಸುದ್ದಿ ಕಿವಿಗೆ ಹಾಕಿದೆ. ತಯಾರಿ ಒಂದೂವರೆ ಪುಟ. ಹನ್ನೆರಡು ಬಾವಿ ಬರೆದು ಪ್ರತಿಯೊಂದರ ಮೇಲೆ ಯಾರಿರುತ್ತಾರೆ ಅಂತ ಒಂದೊಂದು ಸಾಲು. ಒಂಬತ್ತನೆಯದರ ಹತ್ತಿರ ಒಬ್ಬ ಅಗಸ, ಅವನಿಗೆ ಕಿಲ್ಲೇದಾರನ ಮೇಲೆ ಹಳೆಯ ಸಿಟ್ಟು.

ಈ ಸಲ ಸುರಂಗಕ್ಕೇ ಬರುತ್ತಾರೆ ಅಂತ ಕಾದೆ. ಬರಲಿಲ್ಲ! ಉಸ್ತಾದ್ ಬೇರೆಯೇ ಶುರು ಮಾಡಿದರು. ಬಿದ್ರಿ ಪಾತ್ರೆ ಕಪ್ಪಾಗುವುದು ಕಿಲ್ಲೆಯ ಹಳೆಯ ಮಣ್ಣಿನಿಂದ ಅಂತ ಇಲ್ಲಿಯ ಎಲ್ಲರಿಗೂ ಗೊತ್ತು. ಸತುವು ಜಾಸ್ತಿ, ತಾಮ್ರ ಕಡಿಮೆ ಹಾಕಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಆ ಮಣ್ಣು, ನವಸಾಗರ ಕಲಸಿ ಬಿಸಿ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಳೆ, ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು. "ಕಿಲ್ಲೇದಾರನ ಹೆಂಡತಿಗೆ ಒಂದು ಹೂಜಿ ಮಾಡಿಕೊಡ್ತೀನಿ. ಅದಕ್ಕ ಒಳಗಿನ ಮಣ್ಣು ಬೇಕು. ನಾನೇ ಆರಿಸಬೇಕು" ಅಂತ ಹೇಳಿ ಹಗಲಲ್ಲೇ ದರ್ವಾಜೆಯಿಂದ ಒಳಗೆ ಹೋದರು. ಮೊಬೈಲ್ ಹುಡುಗ ಅವರ ಬುಟ್ಟಿ ಹೊರುವವ.

ನನ್ನ ಹತ್ತಿರ ಇದಕ್ಕೆ ಒಂದು ಸಾಲೂ ಇರಲಿಲ್ಲ. ಕೈ ತಣ್ಣಗಾಯಿತು. ಆದರೆ ಅಕ್ಕಾರು ಹೇಳಿದ ಹಾಗೆ ಜಾಗದ ಕಡೆ ನೋಡಿದೆ. ಮಳೆ ತಾಗದ ಮಣ್ಣು ಎಲ್ಲಿರುತ್ತದೆ? ಹಳೆಯ ಕೋಣೆಗಳ ಒಳಗೆ. ಪುಸ್ತಕ ಎಲ್ಲಿದೆ? ಅಂಥದೇ ಒಂದು ಕೋಣೆಯಲ್ಲಿ. ಸಿಕ್ಕಿತು ದಾರಿ.

ಉಸ್ತಾದ್ ಮಣ್ಣು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ನಿಜ ಜೀವನದಲ್ಲೂ ಅವರು ಹಾಗೇ ಪರೀಕ್ಷೆ ಮಾಡುವುದು. ಪಹರೆಯವ ನೋಡಿದ. ಎರಡು ದಾಳ ಎಲ್ಲರ ಮುಂದೆ ಹಾಕಿದೆ. 1 ಮತ್ತು 3. ನಾಲ್ಕು. ಪಹರೆಯವನಿಗೆ ಇದು ಮಾಟ ಅನ್ನಿಸಿತು, ಕೂಗಿಕೊಂಡ. ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ದಾಳ ನೋಡಿದರು.

ಆಮೇಲೆ ಓಡಾಟ. ಹುಡುಗ ಪುಸ್ತಕ ಬುಟ್ಟಿಯಲ್ಲಿ ಮಣ್ಣಿನ ಕೆಳಗೆ ಹಾಕಿಕೊಂಡ. ದರ್ವಾಜೆ ಮುಚ್ಚಿತು. ಒಳಗಿನ ಬಾವಿಗೆ ಹಾರಿದರು! ಸುರಂಗವನ್ನು ಕೊನೆಯಿಂದ ಮೊದಲಿಗೆ, ಹರಿಯುವ ನೀರಿಗೆ ಎದುರಾಗಿ, ಕತ್ತಲಲ್ಲಿ ಬೆಳಕಿನ ಮಚ್ಚೆ ಎಣಿಸುತ್ತಾ ಬಂದರು. ಉಸ್ತಾದ್ ಅರ ಮರೆತು ಬಂದಿರಲಿಲ್ಲ. ಒಂಬತ್ತನೆಯ ಬಾವಿಯ ಕೆಳಗೆ ನಿಂತು ಕೂಗಿದರು. ಮೇಲೆ ತಂಗಿ ಅಗಸನ ಹತ್ತಿರ ಹಗ್ಗ ಕೇಳುತ್ತಿದ್ದಾಳೆ. ಹಿಂದಿನಿಂದ ಪಹರೆಯವರ ಪಂಜು ಕಾಣುತ್ತಿದೆ. ಅಷ್ಟರಲ್ಲಿ ಹೊರಗೆ ಯಾರೋ ಶಟರ್ ಬಡಿದು ಡಿಎಪಿ ಗೊಬ್ಬರ ಕೇಳಿದರು, ಅಲ್ಲಿಗೆ ನಿಲ್ಲಿಸಬೇಕಾಯಿತು.

ಚಹಾ ಎರಡು ಸಲ ಆಯಿತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯಲು ಹೋದರೆ ಉಸ್ತಾದ್ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಹಾಳೆ, ಅದರ ಮೇಲೆ ಬಾವಿಯ ಚಿತ್ರ. "ಅಗಸನ ಹಗ್ಗ ಎಷ್ಟು ಮೊಳ ಅದ?" ಅಂತ ಕೇಳಿದರು.